ಮಗ್ಗಿನಲ್ಲೇ ಉಳಿದ ಕೊಳವೆ

ಹೊಸ ಬೀಗರು ಮೊದಲ ಸಲ ಮನೆಗೆ ಬಂದಾಗ, "ನೀವೇನು ಕೆಲಸ ಮಾಡ್ತೀರಿ?" ಎಂದು ಕೇಳಿದ್ದಕ್ಕೆ ಶೀತಕ್ಕ ಥಟ್ಟನೆ, "ಹಕ್ಕಿಗಳ ಸಂಸಾರ ನೋಡ್ಕೊಳ್ತೀನಿ" ಎಂದುಬಿಟ್ಟಳು. ಅವರು ಗಿಳಿಯೋ ಪಾರಿವಾಳವೋ ಅಂದುಕೊಂಡು ತಲೆಯಾಡಿಸಿದರು. ಪಕ್ಕದಲ್ಲಿದ್ದ ಗಂಡ ಕೆಮ್ಮಿನ ನೆಪದಲ್ಲಿ ನಕ್ಕ. ಆಳಿಗಿಂತ ಎತ್ತರದ ಉಷ್ಟ್ರಪಕ್ಷಿಯಿಂದ ವೀರ್ಯ ತೆಗೆದು, ಕೆಡದ ಹಾಗೆ ತಣ್ಣಗಿಟ್ಟು, ದೂರದ ಹೆಣ್ಣುಗಳಿಗೆ ಸೇರಿಸುವುದು ತನ್ನ ಕೆಲಸವೆಂದು ಬೀಗರ ಮುಂದೆ ಬಾಯಿಬಿಟ್ಟು ಹೇಳುವುದಾದರೂ ಹೇಗೆ?

ಶೀತಕ್ಕ ಎಂಬುದು ಸಾಕಣೆ ಕೇಂದ್ರದವರು ಇಟ್ಟ ಹೆಸರು. ಫ್ರಿಜ್ಜಿನ ಬಾಗಿಲನ್ನು ಯಾರಾದರೂ ಅರೆಗಳಿಗೆ ಹೆಚ್ಚು ತೆರೆದಿಟ್ಟರೆ ಅವಳು ಸಿಡಿಮಿಡಿಗೊಳ್ಳುತ್ತಿದ್ದಳು. ಈ ಕೆಲಸಕ್ಕೆ ಬರುವ ಮೊದಲು ಒಂಬತ್ತು ವರ್ಷ ಮೊಟ್ಟೆ ತೊಳೆಯುವ ಶೆಡ್ಡಿನಲ್ಲಿದ್ದಳು. ಒಂದೂವರೆ ಕೆಜಿ ತೂಗುವ ಮೊಟ್ಟೆಗಳನ್ನು ಎತ್ತಿ ಇಳಿಸಿ ಮಣಿಕಟ್ಟು ಹಿಡಿದುಕೊಂಡಿತ್ತು. ಹೊಸದಾಗಿ ಬಂದ ಡಾಕ್ಟರಮ್ಮ, ಮಗಳ ವಯಸ್ಸಿನ ಹುಡುಗಿ, "ನಿಮ್ಮ ಕೈ ನಡುಗೋದಿಲ್ಲ ಅಕ್ಕಾ, ನನ್ನ ಜೊತೆ ಬನ್ನಿ" ಎಂದು ಕರೆದ ದಿನ ಅವಳಿಗೆ ಪುನರ್ಜನ್ಮ ಸಿಕ್ಕಂತಾಗಿತ್ತು.

ಅವರಿಬ್ಬರ ಕೆಲಸವೆಲ್ಲ ಧಣಿಯ ಸುತ್ತ. ಧಣಿ ಎಂದರೆ ಆ ಕೇಂದ್ರದ ಕರಿಗರಿಯ ಗಂಡು. ಅವನ ಮರಿಗಳಷ್ಟು ಗಟ್ಟಿಮುಟ್ಟಾದವು ಬೇರೆ ಇಲ್ಲ. ಆದರೆ ಈಚೆಗೆ ಅವನಿಗೆ ಮೂಗಿನ ತುದಿಯಲ್ಲೇ ಕೋಪ. ಹತ್ತಿರ ಬಿಟ್ಟ ಹೆಣ್ಣನ್ನು ಒದ್ದು ಓಡಿಸುತ್ತಿದ್ದ. ಬೊಂಬೆಯ ಮುಂದೆ ಮಾತ್ರ ಅವನ ಬಿಂಕವೆಲ್ಲ ಮಾಯ! ಬಡಗಿಯಾದ ಶೀತಕ್ಕನ ಗಂಡ ಮರದಲ್ಲಿ ಮಾಡಿ, ಬೂದುಗರಿ ಅಂಟಿಸಿದ ಬೊಂಬೆ ಅದು. ಅದರೆದುರು ಧಣಿ ನೆಲಕ್ಕೆ ಕೂತು, ರೆಕ್ಕೆ ಹರಡಿ, ಕುತ್ತಿಗೆಯನ್ನು ಅತ್ತಿತ್ತ ತೂಗುತ್ತಿದ್ದ. "ನಾನು ಮಾಡಿದ ಹೆಣ್ಣಿಗೆ ಮಾತ್ರ ಅವನು ಸೋಲೋದು" ಎಂದು ಬಡಗಿ ಕೊಚ್ಚಿಕೊಳ್ಳುತ್ತಿದ್ದ.

ಕಷ್ಟ ಇದ್ದದ್ದು ಆಮೇಲಿನದರಲ್ಲಿ. ಹೆಣ್ಣುಗಳಿದ್ದ ಇನ್ನೊಂದು ಕೇಂದ್ರ ಎರಡು ದಿನದ ದಾರಿ. ಅಲ್ಲಿಯವರೆಗೆ ವೀರ್ಯ ಜೀವಂತವಾಗಿರಬೇಕು. ಎರಡು ಸಲ ಇಟ್ಟು ನೋಡಿದರು, ಎರಡು ಸಲವೂ ಎರಡನೆಯ ದಿನಕ್ಕೆ ವೀರ್ಯಾಣುಗಳೆಲ್ಲ ಸತ್ತಿದ್ದವು. "ಇದೊಂದು ಸಲ ನೋಡಿ, ಆಗದಿದ್ರೆ ಆ ರೂಮು ಮುಚ್ಚಿಬಿಡೋಣ" ಎಂದರು ಕೇಂದ್ರದ ಯಜಮಾನರು. ರೂಮು ಮುಚ್ಚಿದರೆ ಶೀತಕ್ಕ ಮತ್ತೆ ಮೊಟ್ಟೆ ತೊಟ್ಟಿಯ ಮುಂದೆ.

ಮೂರನೆಯ ಸಲ ಅವಳು ಎಲ್ಲವನ್ನೂ ಡಾಕ್ಟರಮ್ಮ ಗೋಡೆಗೆ ಅಂಟಿಸಿದ್ದ ಚೀಟಿಯಂತೆಯೇ ಮಾಡುತ್ತಾ ಬಂದಳು. ವೀರ್ಯಕ್ಕೆ ಅಷ್ಟೇ ಬೆಚ್ಚಗಿನ ದ್ರಾವಣ ಬೆರೆಸಿ, ಕೊಳವೆಯನ್ನು ಉಗುರುಬೆಚ್ಚಗಿನ ನೀರಿನ ಸ್ಟೀಲ್ ಮಗ್ಗಿನಲ್ಲಿ ನಿಲ್ಲಿಸಿದಳು. ಇನ್ನು ಅದನ್ನು ನೇರವಾಗಿ ಐಸಿನ ಡಬ್ಬಿಗೆ ಹಾಕಿ, ಡಬ್ಬಿಯನ್ನು ಫ್ರಿಜ್ಜಿಗಿಡಬೇಕು. ಅಷ್ಟರಲ್ಲಿ ಹೊರಗೆ ದಡಬಡ ಸದ್ದಾಯಿತು. ಧಣಿ ಬೊಂಬೆಯನ್ನು ಗೇಟಿಗೆ ಒತ್ತಿ, ಚಿಲಕ ಮುರಿದು ಹೊರಬಿದ್ದಿದ್ದ. ಶೀತಕ್ಕ ಮಗ್ಗನ್ನು ಹಾಗೇ ಫ್ರಿಜ್ಜಿಗೆ ತಳ್ಳಿ ಓಡಿದಳು. ಅವನನ್ನು ಒಳಗೆ ಅಟ್ಟಿ, ಗೇಟಿಗೆ ಹಗ್ಗ ಬಿಗಿದು ಬರುವಾಗ ಎರಡು ಗಂಟೆ ಕಳೆದಿತ್ತು. ಫ್ರಿಜ್ಜು ತೆರೆದರೆ ಕೊಳವೆ ಮಗ್ಗಿನಲ್ಲೇ ಇದೆ, ಐಸಿನ ಡಬ್ಬಿ ಮೇಜಿನ ಮೇಲೇ ಇದೆ. ಕೊಳವೆಯನ್ನು ಮಗ್ಗಿನಿಂದ ತೆಗೆದು ಫ್ರಿಜ್ಜಿನಲ್ಲೇ ಅದರ ಜಾಗದಲ್ಲಿಟ್ಟು, ಮಗ್ಗನ್ನು ಒರೆಸಿಟ್ಟು, ಯಾರಿಗೂ ಹೇಳದೆ ಮನೆಗೆ ಹೋದಳು.

ಆ ರಾತ್ರಿ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಗಂಡ ಲೋಟಗಟ್ಟಲೆ ನೀರು ಕುಡಿದು ವಿಷಯವೇನೆಂದು ಅವಳ ಬಾಯಿ ಬಿಡಿಸಿದ.

"ಸತ್ತಿದ್ರೆ ಈ ಸಲವೂ ಸತ್ತವು ಅಂತಾರೆ, ಬದುಕಿದ್ರೆ ಎಲ್ರಿಗೂ ಖುಷಿ. ನೀನ್ಯಾಕೆ ಬಾಯಿ ಬಿಡ್ತೀಯಾ? ಸುಮ್ನಿರು" ಎಂದ. ಮಾತು ಸರಿಯಾಗಿಯೇ ಕಂಡಿತು.

ಎರಡನೆಯ ದಿನ ಡಾಕ್ಟರಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು ಕುರ್ಚಿಯಿಂದ ಹಾರಿಯೇಬಿಟ್ಟಳು. "ಅಕ್ಕಾ, ಬನ್ನಿ ಇಲ್ಲಿ! ಈಜ್ತಾ ಇವೆ!" ಶೀತಕ್ಕ ನೋಡಿದಳು. ಸಾವಿರಾರು ಜೀವಗಳು ಮಿಸುಕಾಡುತ್ತಿದ್ದವು. ಡಾಕ್ಟರಮ್ಮ ಆಗಲೇ ಪುಸ್ತಕ ತೆರೆದು, "ಎಲ್ಲವೂ ಚೀಟಿಯಲ್ಲಿದ್ದಂತೆ" ಎಂದು ಬರೆಯತೊಡಗಿದ್ದಳು. ಇನ್ನು ಮುಂದೆ ಎಲ್ಲರೂ ಇದನ್ನೇ ನಂಬಿ ಐಸಿಗೇ ಹಾಕುತ್ತಾರೆ, ಮತ್ತೆ ಎಲ್ಲ ಸಾಯುತ್ತವೆ, ಈ ಹುಡುಗಿ ಯಾಕೆಂದು ತಿಳಿಯದೆ ತಲೆ ಚಚ್ಚಿಕೊಳ್ಳುತ್ತಾಳೆ. ಶೀತಕ್ಕನಿಗೆ ತಡೆಯಲಾಗಲಿಲ್ಲ.

"ಬರೀಬೇಡಿ ಡಾಕ್ಟ್ರಮ್ಮ. ನಾನದನ್ನ ಐಸಿಗೆ ಹಾಕಲೇ ಇಲ್ಲ. ನೀರಿನ ಮಗ್ಗಿನ ಸಮೇತ ಫ್ರಿಜ್ಜಿಗೆ ತಳ್ಳಿಬಿಟ್ಟೆ."

ಡಾಕ್ಟರಮ್ಮನ ಮುಖ ಕೆಂಪಾಯಿತು. "ಎರಡು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ಇದೊಂದೇ ಅವಕಾಶ ಇತ್ತಲ್ಲ ನಮಗೆ!" ಶೀತಕ್ಕ ತಲೆ ತಗ್ಗಿಸಿ ನಿಂತಳು. ಮೊಟ್ಟೆ ತೊಟ್ಟಿಯ ವಾಸನೆ ಆಗಲೇ ಮೂಗಿಗೆ ಬಡಿದಂತಾಯಿತು. ಡಾಕ್ಟರಮ್ಮ ಆ ಸ್ಟೀಲ್ ಮಗ್ಗನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಆಮೇಲೆ ಬೇರೆಯೇ ದನಿಯಲ್ಲಿ, "ಮಗ್ಗಲ್ಲಿ ನೀರು ಎಲ್ಲೀತನಕ ಇತ್ತು ಅಕ್ಕಾ?" ಎಂದಳು.

"ಇಷ್ಟು" ಎಂದು ಶೀತಕ್ಕ ಬೆರಳಿಟ್ಟು ತೋರಿಸಿದಳು.

"ನೀರಿನ ಜೊತೆ ನಿಧಾನಕ್ಕೆ ತಣ್ಣಗಾಗಿವೆ. ಹಾಗಾದ್ರೆ ಮೊದಲಿನವನ್ನ ಕೊಂದಿದ್ದು ಐಸು. ಅದನ್ನ ಬರೆದಿಟ್ಟಿದ್ದು ನಾನೇ!" ಹುಡುಗಿ ಗೋಡೆಯ ಚೀಟಿಯನ್ನು ಪರ್ರನೆ ಹರಿದಳು.

ಯಜಮಾನರನ್ನು ಕಾಡಿಬೇಡಿ ಇನ್ನೊಂದು ತಿಂಗಳು ಪಡೆದರು. ಬೇಕೆಂದೇ ಮಗ್ಗಿನಲ್ಲಿಟ್ಟು ಮೂರು ಸಲ ನೋಡಿದರು, ಮೂರು ಸಲವೂ ಬದುಕಿದವು. ನಾಲ್ಕನೆಯದನ್ನು ಇಬ್ಬರೂ ತಾವೇ ಒಯ್ದು ದೂರದ ಹೆಣ್ಣುಗಳಿಗೆ ಸೇರಿಸಿದರು. ಕಾವುಪೆಟ್ಟಿಗೆ ಇದ್ದದ್ದು ಇಲ್ಲೇ ಆದ್ದರಿಂದ ಮೊಟ್ಟೆಗಳು ಲಾರಿಯಲ್ಲಿ ಇಲ್ಲಿಗೇ ಬಂದವು.

ಕಾವಿಗಿಟ್ಟ ಹದಿನೈದನೆಯ ದಿನ ಕೋಣೆ ಕತ್ತಲೆ ಮಾಡಿ ಮೊಟ್ಟೆಗಳಿಗೆ ದೀಪ ಹಿಡಿದರು. ಮೊದಲನೆಯದು ಬರೀ ಬೆಳಕು, ಒಳಗೇನೂ ಇಲ್ಲ. ಎರಡನೆಯದೂ ಹಾಗೇ. ಡಾಕ್ಟರಮ್ಮ ತುಟಿ ಕಚ್ಚಿದಳು. ಮೂರನೆಯದರಲ್ಲಿ ಅರ್ಧದಷ್ಟು ದಟ್ಟವಾದ ನೆರಳಿತ್ತು. ಮರಿ ಬೆಳೆಯುತ್ತಿತ್ತು.

ಶೀತಕ್ಕನ ಕಣ್ಣು ತುಂಬಿ ಬಂತು. ಇಷ್ಟು ಸಂತೋಷ ಅವಳಿಗೆ ತನ್ನ ಮಕ್ಕಳು ಹುಟ್ಟಿದಾಗ ಆಗಿತ್ತು, ಆಮೇಲೆ ಈಗಲೇ. "ನಮ್ಮನೆಯವರ ಮಾತು ಕೇಳಿ ಸುಮ್ನಿದ್ದಿದ್ರೆ ಇದು ಇರ್ತಾನೇ ಇರಲಿಲ್ಲ ಡಾಕ್ಟ್ರಮ್ಮ" ಎಂದಳು.

"ನಾನೂ ಇಲ್ಲಿ ಇರ್ತಿರಲಿಲ್ಲ ಅಕ್ಕಾ" ಎಂದು ಡಾಕ್ಟರಮ್ಮ ದೀಪವನ್ನು ಅವಳ ಕೈಗೆ ಕೊಟ್ಟಳು.