ತಾಮ್ರದ ಪಟ್ಟಿಯ ಅಂಚು

ಪ್ಲಾಸ್ಮಾವನ್ನು, ಅಂದರೆ ವಿದ್ಯುತ್ಕಣಗಳಾಗಿ ಒಡೆದ ಅನಿಲವನ್ನು, ರೇಡಿಯೊ ತರಂಗಗಳಿಂದ ಕಾಯಿಸುವ ಆಂಟೆನಾಗಳನ್ನು ವಿನ್ಯಾಸ ಮಾಡುವುದು ನನ್ನ ಕೆಲಸ. ಸೂರ್ಯನೊಳಗಿನ ಬೆಂಕಿಯಂಥದ್ದನ್ನು ಯಂತ್ರದೊಳಗೆ ಹೊತ್ತಿಸಬೇಕಾದರೆ ಅನಿಲಕ್ಕೆ ಅಪಾರ ಶಾಖ ಬೇಕು. ಅದನ್ನು ಒಳಗೆ ದಾಟಿಸುವುದು ಗಾಳಿ ತೆಗೆದ ಪಾತ್ರೆಯ ಗೋಡೆಗೆ ಕೂರಿಸಿದ ಒಂದು ಅಗಲವಾದ ತಾಮ್ರದ ಪಟ್ಟಿ. ಸಿರುಗುಪ್ಪದಲ್ಲಿ ನನ್ನಮ್ಮ ಇದನ್ನು ಕೇಳಿದವರಿಗೆಲ್ಲ, "ನಮ್ಮಾಕಿ ಆಂಟೆನಾ ಮಾಡ್ತಾಳ, ಟಿವಿದಲ್ಲ" ಎಂದಷ್ಟೇ ಹೇಳುತ್ತಾಳೆ.

ನನ್ನ ಮೊದಲ ಪಟ್ಟಿಯನ್ನು ಬಳ್ಳಾರಿಯ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಅಲ್ಲಿನ ಮೇಸ್ತ್ರಿಯವರು ಕುರುಗೋಡಿನವರು, ನಮ್ಮ ತಂದೆಯ ವಯಸ್ಸಿನವರು. ನಕ್ಷೆಯ ಮೇಲೆ ಹೆಬ್ಬೆರಳು ಆಡಿಸಿ ಒಂದು ಕಡೆ ನಿಲ್ಲಿಸಿದರು.

"ಅಮ್ಮಾ, ಈ ಅಂಚು ಭಾಳ ಚೂಪ್ ಐತಿ. ಸ್ವಲ್ಪ ಗುಂಡಗ ಮಾಡ್ಲೇನು?"

"ಬ್ಯಾಡ್ರಿ ಮೇಸ್ತ್ರಿ. ಲೆಕ್ಕ ಹಾಕೇ ಬರದೀನಿ. ಇದ್ದಂಗ ಮಾಡ್ರಿ."

ಅವರು ಇದ್ದ ಹಾಗೇ ಮಾಡಿಕೊಟ್ಟರು.

ಮೇಜಿನ ಮೇಲಿನ ಸಣ್ಣ ಪರೀಕ್ಷೆಗಳಲ್ಲಿ ಎಲ್ಲವೂ ಸರಿ ಬಂತು. ಪಾತ್ರೆಯೊಳಗೆ ಕೂರಿಸಿ ಶಕ್ತಿ ಏರಿಸಿದಾಗ ಅಂಚಿನಿಂದ ಕಿಡಿ ಹಾರಿ ತಾಮ್ರ ಕರಗಿತು. ಮೇಲಧಿಕಾರಿಗೆ ಕಾರಣದ ವರದಿ ಬರೆದುಕೊಡಬೇಕಾಗಿತ್ತು. "ಲೇತ್ ಕೆಲಸದ ದೋಷ ಇರಬಹುದು" ಎಂದು ಬರೆದೆ. ಆ "ಇರಬಹುದು" ಎಂಬ ಪದದ ಹಿಂದೆ ನಾನು ಅಡಗಿಕೊಂಡೆ. ಮೇಸ್ತ್ರಿಯವರಿಗೂ ವಿಷಯ ಹೋಯಿತು, ಮುಂದೆ ನಮ್ಮ ಕಡೆಯಿಂದ ಅವರಿಗೆ ಕೆಲಸ ಕೊಡಲಿಲ್ಲ.

ಆರು ತಿಂಗಳ ಮೇಲೆ ಹೊಸ ವಿನ್ಯಾಸಕ್ಕೆ ಕೂತಾಗ ಹಳೆಯ ಲೆಕ್ಕವನ್ನು ಇನ್ನಷ್ಟು ಸೂಕ್ಷ್ಮವಾಗಿ ಮಾಡಿ ನೋಡಿದೆ. ವಿದ್ಯುತ್ ಕ್ಷೇತ್ರ ಸರಿಯಾಗಿ ಆ ಚೂಪು ಅಂಚಿನಲ್ಲೇ ಮಿತಿಮೀರಿತ್ತು. ಸುಟ್ಟ ಪಟ್ಟಿಯ ಉಳಿದ ಭಾಗವನ್ನು ಅಳೆದೆ. ನಕ್ಷೆಗಿಂತ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ತಪ್ಪು ನನ್ನದೆಂದು ಎರಡನೆಯ ವರದಿ ಬರೆದೆ. ಮೇಲಧಿಕಾರಿ ಓದಿ, "ಮೊದಲೇ ಬರೆಯಬೇಕಿತ್ತು" ಎಂದರು.

ಅದರ ಪ್ರತಿ ಹಿಡಿದು ಬಳ್ಳಾರಿಗೆ ಬಂದೆ. ಅಂಗಡಿಗೆ ಬೀಗ. ಪಕ್ಕದ ಚಹಾ ಅಂಗಡಿಯವರು, "ಕುರುಗೋಡಿಗೆ ಹೋಗ್ಯಾರ್ರಿ, ಮಗಳ ಮನಿಗೆ" ಎಂದರು. ಬಸ್ಸು ಹತ್ತಿದೆ.

ಮೇಸ್ತ್ರಿಯವರು ಮಗಳ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ವರದಿಯನ್ನು ಕನ್ನಡದಲ್ಲಿ ಒಂದೊಂದೇ ಸಾಲು ಹೇಳಿದೆ. ಕೇಳಿ ಮುಗಿಸಿ ತಮ್ಮ ಕೈಗಳನ್ನು ನೋಡಿಕೊಂಡರು. ಬೆರಳುಗಳು ನಡುಗುತ್ತಿದ್ದವು.

"ಆವಾಗ್ಲೇ ಸ್ವಲ್ಪ ನಡುಗಾಕ ಹತ್ತಿತ್ತಮ್ಮ. ಕೆಲ್ಸ ಕೆಟ್ಟೈತಿ ಅಂದಾಗ ನನ್ ಕೈನೇ ಕೆಡಿಸೇತಿ ಅಂದ್ಕಂಡೆ. ಅದಕ್ಕೇ ಅಂಗಡಿ ಮುಚ್ಚಿದೆ."

"ನಿಮ್ ಕೈ ತಪ್ಪಿರ್ಲಿಲ್ರಿ," ಎಂದೆ.

ಮಗಳು ರೊಟ್ಟಿ, ಪುಂಡಿಪಲ್ಲೆ ತಂದಿಟ್ಟರು. "ಉಂಡು ಹೋಗಮ್ಮ, ಬಿಸ್ಲಾಗ ಬಂದಿ" ಎಂದರು ಮೇಸ್ತ್ರಿ. ಅವರೆದುರು ತಲೆ ತಗ್ಗಿಸಿ ಉಂಡೆ.

ಮೇಸ್ತ್ರಿಯವರು ಮತ್ತೆ ಅಂಗಡಿ ತೆರೆಯಲಿಲ್ಲ. ಅಂಚು ಗುಂಡಗಿರುವ ಹೊಸ ಪಟ್ಟಿಯನ್ನು ಬೇರೆ ಕಡೆ ಮಾಡಿಸಿದೆವು. ಅದು ಪೂರ್ಣ ಶಕ್ತಿಯಲ್ಲೂ ತಾಳಿಕೊಂಡಿತು. ಆ ದಿನ ಫೋನ್ ಮಾಡಿ ತಿಳಿಸಿದಾಗ ಮೇಸ್ತ್ರಿಯವರು "ಒಳ್ಳೇದಾತು" ಎಂದರು. ಫೋನನ್ನು ಮಗಳ ಕೈಗೆ ಕೊಟ್ಟರು.