ಯಜಮಾನರ ಮ್ಯಾಕ್ರೊ

ಸತ್ತವರ ಮನೆಗೆ ಮಾತಾಡಿಸಲು ಬರುವವರೆಲ್ಲ ಒಂದೇ ಪಾಠ ಒಪ್ಪಿಸುತ್ತಾರೆ. ಇದು ನನಗೆ ತಿಳಿದದ್ದು ನಮ್ಮನೆಯವರು ತೀರಿಕೊಂಡಾಗ. ಮೊದಲು ಕೈ ಹಿಡಿದುಕೊಳ್ಳಬೇಕು, ಆಮೇಲೆ ನಿಟ್ಟುಸಿರು, ಆಮೇಲೆ "ದೇವ್ರಿಗೂ ಒಳ್ಳೇರ ಬೇಕು ನೋಡವ್ವ." ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಮೆಲ್ಲಗೆ, "ನೌಕ್ರಿ ನಿನಗ ಕೊಡ್ತಾರಂತೇನು?" ಹಡಗಲಿಯಿಂದ ಬಂದವರೂ ಹೀಗೇ, ಹರಪನಹಳ್ಳಿಯಿಂದ ಬಂದವರೂ ಹೀಗೇ. ಒಮ್ಮೆ ಕಲಿತದ್ದನ್ನು ಗುಂಡಿ ಒತ್ತಿದ ಕೂಡಲೇ ಚಾಚೂ ತಪ್ಪದೆ ಮಾಡುವುದಕ್ಕೆ ಕಂಪ್ಯೂಟರಿನಲ್ಲಿ ಮ್ಯಾಕ್ರೊ ಅನ್ನುತ್ತಾರೆಂದು ಆಗ ನನಗೆ ಗೊತ್ತಿರಲಿಲ್ಲ.

ನೌಕರಿ ಕೊಟ್ಟರು. ಅನುಕಂಪದ ನೌಕರಿ. ಕೂಡ್ಲಿಗಿಯ ಕಚೇರಿಯಲ್ಲಿ ಅವರು ಕೂರುತ್ತಿದ್ದ ಕುರ್ಚಿಯಲ್ಲೇ, ಪಿಯುಸಿ ಓದಿದ ನನ್ನನ್ನು ಕೂರಿಸಿದರು. ಎದುರಿಗೆ ಕಂಪ್ಯೂಟರು. ಅದಕ್ಕೆ ಹೂವಿನ ಹೊದಿಕೆ, ನಡುಹಣೆಗೆ ಕುಂಕುಮ. ನನ್ನ ಹಣೆಯದು ಅಲ್ಲಿಗೆ ವರ್ಗವಾದಂತಿತ್ತು.

ತಿಂಗಳಿಗೊಮ್ಮೆ ಕೈಪಂಪುಗಳ ತಖ್ತೆ ಮೇಲಿನ ಕಚೇರಿಗೆ ಹೋಗಬೇಕು. ಯಾವ ಹಳ್ಳಿಯಲ್ಲಿ ಎಷ್ಟು ಪಂಪು ನೀರು ಕೊಡುತ್ತವೆ, ಎಷ್ಟು ಬರೀ ಸದ್ದು ಕೊಡುತ್ತವೆ ಎಂಬ ಲೆಕ್ಕ. ಹಳ್ಳಿಗಳಿಂದ ಅಂಕಿಗಳು ಸಂತೆಯ ಜನದಂತೆ ಬೇಕಾದಹಾಗೆ ಬರುತ್ತವೆ. ಅವನ್ನು ಹೋಬಳಿವಾರು ಜೋಡಿಸಿ, ಮೊತ್ತ ಹಾಕಿ, ಗೆರೆ ಎಳೆಯಬೇಕು. ನಾನು ಕೈಕಟ್ಟಿ ಕೂತಿದ್ದೆ. ಪಕ್ಕದ ಮೇಜಿನ ಗಂಗಮ್ಮ ಬಂದಳು.

"ಯಾಕ ಅಂಜ್ತೀಯಕ್ಕಾ? ನಿಮ್ಮ ಯಜಮಾನ್ರು ಒಂದ್ಸಲ ಮಾಡಿ ತೋರ್ಸ್ಯಾರ, ಅದು ಕಲ್ತೈತಿ. ಈ ಎರಡು ಗುಂಡಿ ಒತ್ತು."

ಒತ್ತಿದೆ. ಗುಡೇಕೋಟೆ ತನ್ನ ಜಾಗಕ್ಕೆ ಹೋಯಿತು. ಕೊಟ್ಟೂರಿನ ಸಾಲಿನ ಅಕ್ಷರ ಸುಮ್ಮಸುಮ್ಮನೆ ದಪ್ಪಗಾಗಿ, ಮರುಕ್ಷಣ ತೆಳ್ಳಗಾಯಿತು. ಮಾಡಿ ತೋರಿಸುವಾಗ ಅವರು ತಪ್ಪಿ ತಿದ್ದಿಕೊಂಡಿದ್ದರು, ಯಂತ್ರ ತಪ್ಪನ್ನೂ ಕಲಿತಿತ್ತು, ತಿದ್ದಿದ್ದನ್ನೂ ಕಲಿತಿತ್ತು. ನಡುವೆ ಚಹಾಕ್ಕೆ ಎದ್ದುಹೋದದ್ದನ್ನು ಮಾತ್ರ ಕಲಿತಿರಲಿಲ್ಲ. ಕೊನೆಗೆ ತಳದಲ್ಲಿ 'ಸಿದ್ಧಪಡಿಸಿದವರು' ಎಂದು ಬರೆದು, ಅದರ ಮುಂದೆ ಅವರ ಹೆಸರು ತಾನೇ ಹಾಕಿಕೊಂಡಿತು. ನಾನು ಸೆರಗು ಸರಿಮಾಡಿಕೊಂಡೆ.

ತಖ್ತೆ ಒಯ್ದುಕೊಟ್ಟರೆ ಸುಪರಿಂಟೆಂಡೆಂಟ್ ಸಾಹೇಬರಿಗೆ ಸಂಶಯ. "ಇಷ್ಟು ಲಗೂ ಆದ್ರ ಅದು ಕೆಲಸ ಹೆಂಗಾಕ್ಕತಮ್ಮ? ಸಂಜಿಗೆ ತಗೊಂಬಾ." ಸಂಜೆಗೆ ಅದೇ ಹಾಳೆ ಒಯ್ದೆ. "ಈಗ ನೋಡು, ಸರಿಯಾತು" ಎಂದು ಸಹಿ ಹಾಕಿದರು. ಹೀಗೆ ತಿಂಗಳು ತಿಂಗಳು ತೀರಿಹೋದವರೇ ತಖ್ತೆ ಸಿದ್ಧಪಡಿಸಿದರು. ಮೇಲಿನಿಂದ ಒಂದೂ ಆಕ್ಷೇಪಣೆ ಬರಲಿಲ್ಲ. ಬದುಕಿದ್ದಾಗ ಬರುತ್ತಿದ್ದವು.

ನನ್ನ ನೌಕರಿ ಕಾಯಂ ಮಾಡುವ ಕಾಗದ ಹೊರಡುವಾಗ ಸಾಹೇಬರು ಮೊದಲ ಸಲ ತಖ್ತೆಯ ತಳದವರೆಗೆ ಓದಿದರು.

"ಏನಮ್ಮ ಇದು! ಕೆಲಸ ನೀ ಮಾಡ್ತೀಯೋ, ಸತ್ತಾವ್ರ ಕಡಿಂದ ಮಾಡಿಸ್ತೀಯೋ? ಆ ಮ್ಯಾಕ್ರೊ ಅಳಿಸಿ ನಿಂದು ಮಾಡು. ಇಲ್ಲಾಂದ್ರ ನೀ ಕಾಯಂ ಆಗೋದು ತೊಂದ್ರಿ ಆಕ್ಕತಿ."

ಅವರ ಮಾತು ನ್ಯಾಯವೇ. ಆದರೆ ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಒಡಪಿನ ಪದ್ಯ ಕಟ್ಟಿ ಒಮ್ಮೆ ಹೇಳಿಸುತ್ತಾರೆ. ಆಮೇಲೆ ಬಾಯಿಗೆ ಬೀಗ. ಜನಗಣತಿಯವರು ಕೇಳಿದರೂ ನೆರೆಮನೆಯವಳೇ ಬಂದು ಹೇಳಬೇಕು. ಮನೆಯಲ್ಲಿ ಅವರ ಹೆಸರು ಫೋಟೋದ ಕೆಳಗಿದೆ, ಅದು ಸತ್ತವರ ಹೆಸರು. ತಖ್ತೆಯ ಕೆಳಗಿನದು ಮಾತ್ರ ಇನ್ನೂ ಕೆಲಸ ಮಾಡುವ ಮನುಷ್ಯನ ಹೆಸರು. ಅದನ್ನು ಅಳಿಸು ಎಂದರೆ!

ಅಳಿಸಿದೆ. ಉಣ್ಣಬೇಕಲ್ಲ.

ಗಂಗಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೊಸದನ್ನು ಕಲಿಸಲು ಕೂತೆ. ಶುರುವಿನಲ್ಲೇ ಯಂತ್ರ ಕೇಳಿತು: ಈ ಮ್ಯಾಕ್ರೊಗೆ ಏನು ಹೆಸರಿಡಲಿ? ಗಂಗಮ್ಮ, "ಏನಾರ ಇಡಕ್ಕಾ, ನಮ್ಮ ಎಮ್ಮಿಗೆ ಗೌರಿ ಅಂತ ಇಟ್ಟಿಲ್ಲೇನು?" ಅಂದಳು. ಅವಳು ಆ ಕಡೆ ತಿರುಗಿದಾಗ ಇಂಗ್ಲಿಷ್ ಅಕ್ಷರದಲ್ಲಿ ಅವರ ಹೆಸರು ಒತ್ತಿದೆ, ಇನಿಷಿಯಲ್ ಸಮೇತ. ಯಂತ್ರ ಒಪ್ಪಲಿಲ್ಲ. ಚುಕ್ಕಿ ಇರಬಾರದಂತೆ, ನಡುವೆ ಜಾಗ ಬಿಡಬಾರದಂತೆ. ಊರು, ಮನೆತನ ಎಲ್ಲ ಕಳಚಿ ಬರೀ ಹೆಸರು ಒತ್ತಿದೆ, ತಾಯಿ ಕರೆಯುವ ಹಾಗೆ. ತಕ್ಷಣ ಒಪ್ಪಿತು. ಕೊಟ್ಟೂರಿನ ಸಾಲನ್ನು ಬೇಕೆಂದೇ ದಪ್ಪ ಮಾಡಿ ತೆಳ್ಳಗೆ ಮಾಡಿದೆ. ತಳದಲ್ಲಿ ನನ್ನ ಹೆಸರು ಹಾಕಿದೆ.

ಮರುತಿಂಗಳು ಸಾಹೇಬರು ತಾವೇ ನನ್ನ ಕುರ್ಚಿಯಲ್ಲಿ ಕೂತರು, ಹೊಸದು ನಡೆಯುತ್ತದೋ ಇಲ್ಲವೋ ನೋಡಲಿಕ್ಕೆ. ಕನ್ನಡಕ ಏರಿಸಿ, ಇಡೀ ಕಚೇರಿಗೆ ಕೇಳುವ ಹಾಗೆ, "ಏನಂತ ಹೆಸರಿಟ್ಟೀಯಮ್ಮ ಇದಕ್ಕ?"

ಗಂಗಮ್ಮನ ಕಡೆ ನೋಡಿದೆ. ಅವಳಿಗೇನು ಗೊತ್ತು.

"ಕೊಟ್ರೇಶ" ಅಂದೆ. ನನ್ನ ಬಾಯಲ್ಲಿ ಆ ಹೆಸರು ಎಷ್ಟು ಸಣ್ಣದಿತ್ತು.

ಟೈಪು ಮಾಡುತ್ತಿದ್ದವರ ಕೈ ನಿಂತಿತು. ಸಾಹೇಬರು ತಲೆಯೆತ್ತಲಿಲ್ಲ. ಬೆರಳಿಟ್ಟು ಪರದೆಯ ಮೇಲೆ ಹುಡುಕುತ್ತಾ, "ಎಲ್ಲಿ ಅದಾನ... ಎಲ್ಲಿ ಅದಾನ..." ಎಂದು ಗೊಣಗಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು:

"ಹಾಂ, ಇಲ್ಲೇ ಅದಾನ ಬಿಡಮ್ಮ."