ಅಜ್ಜ ತೆಗೆದ ಜಲಪಾತದ ಫೋಟೋಗಳು

ಮೈತ್ರಿ, ಸುಹಾಸ — ಅಜ್ಜ ತೆಗೆದ ಜಲಪಾತದ ಫೋಟೋಗಳನ್ನು ಅಳಿಸಿದವಳು ನಾನು. ಮೈತ್ರಿ ಅಲ್ಲ. ನಾನು, ನಿಮ್ಮ ಅಜ್ಜಿ.

ಅಂತೂ ಬರೆದೆ. ಮೂರು ವರ್ಷದಿಂದ ಈ ಮಾತು ಬಾಯಿಯ ತನಕ ಬಂದು ಒಳಗೇ ಹೋಗುತ್ತಿತ್ತು. ಊರ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದವಳು ನಾನು. ನಾಲ್ಕು ಜನರ ಎದುರು ಮಾತಾಡಿ ಗೊತ್ತಿಲ್ಲ. ಕಾಗದದ ಮೇಲಾದರೂ ಧೈರ್ಯ ಬರುತ್ತದೆಯೋ — ನೋಡೋಣ.

ಸುಹಾಸ, ನಿನಗೆ ಅಜ್ಜನ ನೆನಪು ಅಷ್ಟಾಗಿ ಇರಲಾರದು. ಗದಗದ ಹತ್ತಿರ ನಮ್ಮೂರ ಬಸ್ ಸ್ಟ್ಯಾಂಡಿನ ಎದುರಿಗೆ ಅವರು ಮೂವತ್ತೈದು ವರ್ಷ ಫೋಟೋ ಸ್ಟುಡಿಯೋ ನಡೆಸಿದರು. ಅದರ ಗೋಡೆಗೆ ಒಂದು ಪರದೆ, ಪರದೆಯ ಮೇಲೆ ಬಣ್ಣದಲ್ಲಿ ಬರೆದ ಜಲಪಾತ. ಸುತ್ತಲಿನ ಹಳ್ಳಿಗಳ ಹೊಸ ಮದುಮಕ್ಕಳೆಲ್ಲ ಅದರ ಮುಂದೆ ಬಂದು ನಿಲ್ಲುತ್ತಿದ್ದರು. ನಾನೊಬ್ಬಳು ನಿಲ್ಲಲಿಲ್ಲ. ಕ್ಯಾಮೆರಾ ಕಂಡರೆ ನನ್ನ ಸೆರಗು ತಾನಾಗಿ ಮುಖಕ್ಕೆ ಬರುತ್ತಿತ್ತು. ಪಾಸ್‌ಪೋರ್ಟಿಗೆ ತೆಗೆದದ್ದು ಬಿಟ್ಟರೆ ಅವರು ತೆಗೆದ ಫೋಟೋ ನನ್ನದೊಂದೂ ಇರಲಿಲ್ಲ. ಇನ್ನು ನಿಜವಾದ ಜಲಪಾತ — ಗೋಕಾಕ ಅರ್ಧ ದಿನದ ದಾರಿಯಾದರೂ ಸ್ಟುಡಿಯೋ ಬಾಗಿಲು ಹಾಕಿ ಹೋಗುವ ದಿನ ಬರಲೇ ಇಲ್ಲ.

ಸಮುದ್ರ ದಾಟಿ ಟೊರೆನ್ಸಿನ ನಿಮ್ಮ ಮನೆಗೆ ಬಂದು ನೆಲೆಸಿದ ಮೇಲೆ ಒಂದು ಚಳಿಗಾಲ ಬಿಡದೆ ಮಳೆ ಸುರಿಯಿತು. ಸ್ಯಾನ್ ಡಿಯೆಗೊದಿಂದ ಪೂರ್ವಕ್ಕೆ, ಮರುಭೂಮಿಯ ಒಂದು ಕಣಿವೆಯೊಳಗೆ, ಇಂಥ ಮಳೆಯ ನಂತರ ಕೆಲವೇ ವಾರ ಜಲಪಾತ ಧುಮುಕುತ್ತದೆ ಎಂದು ಅಜ್ಜ ಎಲ್ಲೋ ಓದಿದರು. ಅಂದಿನಿಂದ ಅವರಿಗೆ ಊಟ ರುಚಿಸಲಿಲ್ಲ. ಕೊನೆಗೆ ಒಂದು ಭಾನುವಾರ ನಿಮ್ಮ ಅಪ್ಪ ಸುಹಾಸನನ್ನು ನೋಡಿಕೊಂಡು ಮನೆಯಲ್ಲಿ ಉಳಿದರು. ಅಜ್ಜ, ಮೈತ್ರಿ, ನಾನು ಹತ್ತಿದೆವು, ನಿಮ್ಮ ಅಮ್ಮ ಕಾರು ತೆಗೆದಳು.

"ಅಪ್ಪಾ, ಅಲ್ಲಿ ಸಿಗ್ನಲ್ ಸೈತ ಇರೂದಿಲ್ಲ. ಇಷ್ಟು ದೂರ ಡ್ರೈವ್ ಮಾಡಿ, ನೀರ ಇರಲಿಲ್ಲ ಅಂದ್ರ?"

"ನೀರ ಇರಲಿಲ್ಲ ಅಂದ್ರ ನಿಮ್ಮವ್ವನ ರೊಟ್ಟಿ ಅದಾವಲ್ಲ. ತಿಂದು ಬರೂಣು."

ಎಂಥ ದಿನ ಅದು! ಬಹಳ ಹೊತ್ತು ಬಲಗಡೆಗೆ ಸಮುದ್ರ. ಸ್ಯಾನ್ ಡಿಯೆಗೊದ ಕರ್ನಿ ಮೆಸಾದಲ್ಲಿ ಇಡ್ಲಿ ತಿಂದು ಪೂರ್ವಕ್ಕೆ ತಿರುಗಿದೆವು. ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಹಸಿರೆಲ್ಲ ಹೋಗಿ ನೆಲ ಹುರಿದ ಹಿಟ್ಟಿನ ಬಣ್ಣಕ್ಕೆ ಬಂತು. ಆದರೆ ಆ ನೆಲದ ತುಂಬ ಹಳದಿ ಹೂ, ಕೋಲಿನಂಥ ಮುಳ್ಳುಗಿಡಗಳ ತುದಿಯಲ್ಲಿ ಕೆಂಪು ಹೂ. ಹಿಂದಿನ ಸೀಟಿನಲ್ಲಿ ಎಂಟು ವರ್ಷದ ಮೈತ್ರಿಗೆ ಅಜ್ಜನ ಪಾಠ: "ಉಸಿರ ಹಿಡಿ, ಪುಟ್ಟಿ. ಆಮ್ಯಾಲೆ ಒತ್ತು." ಮೈತ್ರಿ, ನೀನು ಕೆನ್ನೆ ಉಬ್ಬಿಸಿ ಉಸಿರು ಹಿಡಿದು ಕಿಟಕಿಯಿಂದ ಒಂದು ಹದ್ದನ್ನು ಕ್ಯಾಮೆರಾದಲ್ಲಿ ಹಿಡಿದೆ. ಅಜ್ಜ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ, "ಇಕಿದು ನನ್ನ ಕಣ್ಣು," ಎಂದರು.

ಕಣಿವೆಯಲ್ಲಿ ಕಲ್ಲು, ಮರಳು, ಮತ್ತೆ ಕಲ್ಲು. ಎರಡು ತಾಸು ನಡೆದ ಮೇಲೆ ಒಣಗರಿಗಳನ್ನು ಲಂಗದಂತೆ ಬುಡದ ತನಕ ಇಳಿಬಿಟ್ಟ ತಾಳೆ ಮರಗಳು ಸಿಕ್ಕವು. ಅಲ್ಲಿ ನಿನ್ನ ಕಾಲು ಸೋತಿತು. ಅಮ್ಮ ನಿನ್ನ ಜೊತೆ ನೆರಳಿಗೆ ಕೂತಳು. ನಾವಿಬ್ಬರೇ ಇನ್ನೊಂದು ಫರ್ಲಾಂಗು ಹೋದೆವು. ಮೊದಲು ಸಪ್ಪಳ ಕೇಳಿತು. ಆಮೇಲೆ ಬಂಡೆಯ ಮರೆಯಿಂದ ನೀರು. ದೊಡ್ಡದೇನಲ್ಲ, ಎರಡಾಳೆತ್ತರ. ಆದರೆ ಅಷ್ಟು ಬೋಳು ಕಲ್ಲಿನ ನಡುವೆ, ಹಿಂದೆ ಹಸಿರು ಜರಿಗಿಡ ಇಟ್ಟುಕೊಂಡು — ಆ ಪರದೆಯೇ ಜೀವ ಬಂದು ನಿಂತ ಹಾಗೆ. ಅಜ್ಜ ಚಪ್ಪಾಳೆ ತಟ್ಟಿದರು, ಸಣ್ಣ ಹುಡುಗನಂತೆ. ಆಮೇಲೆ ಕಲ್ಲಿನಿಂದ ಕಲ್ಲಿಗೆ ಹೋಗಿ ಒಂದೇ ಸಮ ಫೋಟೋ ತೆಗೆದರು.

ನಾನು ಸೀರೆಯನ್ನು ಮೊಳಕಾಲ ತನಕ ಎತ್ತಿ ನೀರಿಗೆ ಕಾಲು ಬಿಟ್ಟು ಕೂತೆ. ತಣ್ಣೀರು ತಾಗಿದ್ದೇ ತಡ, ನಗು ಬಂತು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ತಲೆಯ ಮೇಲೆ ಸೆರಗಿಲ್ಲ, ಬಾಯಿ ತುಂಬ ನಗು. ತಿರುಗಿ ನೋಡಿದರೆ ಕ್ಯಾಮೆರಾ ನನ್ನ ಮೇಲಿತ್ತು.

"ಅಯ್ಯ, ಅಳಸ್ರಿ ಅದನ್ನ! ಕಾಲು ಕಾಣ್ತಾವ!"

"ಇದ್ದ ಕಾಲು ಕಾಣ್ತಾವ. ಊರ ಮಂದೀನೆಲ್ಲ ಆ ಪರದೆ ಮುಂದ ನಿಲ್ಲಿಸಿದೆ, ನೀ ಒಬ್ಬಾಕಿ ಸಿಕ್ಕಿದ್ದಿಲ್ಲ. ಇವತ್ತ ಸಿಕ್ಕಿ. ದೊಡ್ಡದು ಮಾಡಿಸಿ ಹಾಲಿನ ಗ್ವಾಡಿಗೆ ಹಾಕ್ತೀನಿ."

"ಅಳಿಯಾರು ಏನಂದಾರು?"

"ಅತ್ತಿಯಾರಿಗೆ ನಗಾಕ ಬರ್ತೈತಿ ಅಂತ ಗೊತ್ತಾಗ್ತೈತಿ, ಅಷ್ಟ."

ದಾರಿಯುದ್ದಕ್ಕೂ ಬೇಡಿಕೊಂಡೆ. ಅವರು ಸುಮ್ಮನೆ ನಕ್ಕರು. ನನಗೆ ಹಾಲಿನ ಗೋಡೆ ಕಣ್ಣಿಗೆ ಕಟ್ಟಿತು. ಶನಿವಾರ ಸುಹಾಸನ ಮೊದಲ ಹುಟ್ಟುಹಬ್ಬಕ್ಕೆ ಬರುವ ಜನ, ಗೋಡೆಯ ಮೇಲೆ ನನ್ನ ಬರಿಗಾಲು.

ಸೋಮವಾರ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಕ್ಯಾಮೆರಾ ತೆಗೆದುಕೊಂಡೆ. ಬೇಡದ ಫೋಟೋ ಅಳಿಸಲು ಅವರು ಕಸದ ಬುಟ್ಟಿಯ ಗುರುತಿರುವ ಗುಂಡಿ ಒತ್ತುವುದನ್ನು ನೋಡಿದ್ದೆ. ಒತ್ತಿದೆ. ಇಂಗ್ಲಿಷಿನಲ್ಲಿ ಏನೋ ಕೇಳಿತು, ಹೂಂ ಎಂಬಂತೆ ಇನ್ನೊಂದನ್ನು ಒತ್ತಿದೆ. ಮತ್ತೆ ಕೇಳಿತು. ಮತ್ತೆ ಒತ್ತಿದೆ. ಒಂದು ಹೋಗಬೇಕಿತ್ತು — ಎಲ್ಲ ಹೋದವು. ಜಲಪಾತ, ತಾಳೆ ಮರ, ನಿನ್ನ ಹದ್ದು, ಎಲ್ಲ. ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಅಡುಗೆಮನೆಗೆ ಹೋಗಿ ಹಿಟ್ಟು ನಾದಿದೆ.

ಅದನ್ನು ಕೈತಪ್ಪು ಎನ್ನಬಹುದು. ಮುಂದಿನದನ್ನು ಎನ್ನಲಾಗದು.

ಹುಟ್ಟುಹಬ್ಬದ ಓಡಾಟದಲ್ಲಿ ವಾರವೆಲ್ಲ ಯಾರೂ ಚೀಲ ಬಿಚ್ಚಲಿಲ್ಲ. ಶನಿವಾರ ಅಜ್ಜ ಚೀಲದಿಂದ ಕ್ಯಾಮೆರಾ ತೆಗೆದು ಮೈತ್ರಿಯ ಕೊರಳಿಗೆ ಹಾಕಿದರು. ನೀನು ಕೇಕು, ಬಲೂನು, ಬಂದವರ ಮೂಗು — ಏನನ್ನೂ ಬಿಡಲಿಲ್ಲ. ಭಾನುವಾರ ಎಲ್ಲರನ್ನೂ ಟಿವಿಯ ಮುಂದೆ ಕೂರಿಸಿ ಅಜ್ಜ ಜಲಪಾತ ಹುಡುಕಿದರು. ಕೇಕು ಬಂತು. ಬಲೂನು ಬಂತು. ಮತ್ತೆ ಕೇಕು.

"ಮೈತ್ರಿ, ವಾಟ್ ಡಿಡ್ ಯು ಡು?" ಅಮ್ಮನ ದನಿ ಏರಿತು.

"ಐ ಡಿಡಂಟ್! ಅಜ್ಜ, ನಾನ್ ಮಾಡಿಲ್ಲ. ಪ್ರಾಮಿಸ್!"

ಅಜ್ಜ ನನ್ನ ಕಡೆ ತಿರುಗಿ, "ನೀ ಏನರ ನೋಡಿದೇನ?" ಎಂದರು.

ನಾನು ಹೇಳಿದೆ: "ಹುಡುಗಿ ಕೈಯಾಗ ಇತ್ತಲ್ಲ ಕ್ಯಾಮೆರಾ."

ಇಷ್ಟೇ. ಸುಳ್ಳಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಮೈತ್ರಿ, ನೀನು ನನ್ನನ್ನು ನೋಡಿದೆ — ಆ ನೋಟ... ಆಮೇಲೆ ಅಳುತ್ತ, ಮಾಡದ್ದಕ್ಕೆ ಸಾರಿ ಕೇಳಿದೆ. ಅಜ್ಜ ನಿನ್ನ ತಲೆ ಸವರಿ, "ಹೋಗ್ಲಿ ಬಿಡು, ಪುಟ್ಟಿ. ಮುಂದಿನ ವರ್ಷ ಮತ್ತ ಹೋಗೂಣು," ಎಂದರು. ಅಂದು ಸಂಜೆಯೆಲ್ಲ ನಿಮ್ಮ ಅಪ್ಪ ಕಂಪ್ಯೂಟರಿನ ಮುಂದೆ ಕೂತು ಹುಡುಕಿದರು. ಅಳಿಸಿದ ಮೇಲೆ ಹೊಸ ಫೋಟೋ ತೆಗೆಯದೆ ಇದ್ದಿದ್ದರೆ ಹಳೆಯವು ವಾಪಸ್ ಸಿಗುತ್ತಿದ್ದವಂತೆ. ಅಂದರೆ ನಾನು ಸೋಮವಾರವೇ ಬಾಯಿಬಿಟ್ಟಿದ್ದರೆ. ಐದು ದಿನವಿತ್ತು ನನ್ನ ಕೈಯಲ್ಲಿ.

ಮರುವರ್ಷ ಮಳೆಯಾಗಲಿಲ್ಲ. ಅದರ ಮುಂದಿನ ಚಳಿಗಾಲಕ್ಕೆ ಅಜ್ಜನೇ ಇರಲಿಲ್ಲ. ಹೋಗುವ ಮೊದಲು ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, "ನೀ ನಕ್ಕಿದ್ದು ನನಗ ನೆನಪೈತಿ ಬಿಡು," ಎಂದರು. ಆಗಲೂ ಹೇಳಲಿಲ್ಲ ನಾನು.

ಮೈತ್ರಿ, ಅಂದಿನಿಂದ ನೀನು ಕ್ಯಾಮೆರಾ ಮುಟ್ಟಿಲ್ಲ. ಹೋದ ವಾರ ಶಾಲೆಯಲ್ಲಿ ಫೋಟೋ ತೆಗೆಯಲು ಕರೆದರೂ ಒಲ್ಲೆ ಎಂದೆಯಂತೆ. ಯಾಕೆ ಎಂದು ಕೇಳಿದರೆ, "ಐ ರೂಯಿನ್ ಥಿಂಗ್ಸ್, ಅಜ್ಜಿ. ಯು ನೋ ದ್ಯಾಟ್," ಎಂದೆ. ನನಗೆ ಗೊತ್ತು. ನನಗೊಬ್ಬಳಿಗೇ ಗೊತ್ತು, ನೀನು ಏನನ್ನೂ ಕೆಡಿಸಿಲ್ಲ ಎಂದು.

ನಿನಗೆ ಕನ್ನಡ ಓದಲು ಬಾರದು. ಇದನ್ನು ಅಮ್ಮನೇ ನಿನಗೆ ಓದಿ ಹೇಳಬೇಕು — ಅಂದು ಬೈದ ಬಾಯಿಂದಲೇ, ಅದೇ ಟಿವಿಯ ಮುಂದೆ. ಓದುವಾಗ ನಾನು ಅಡುಗೆಮನೆಗೆ ಹೋಗುವುದಿಲ್ಲ. ನಿನ್ನ ಎದುರಿಗೇ ಕೂತಿರುತ್ತೇನೆ, ತಲೆಯ ಮೇಲೆ ಸೆರಗಿಲ್ಲದೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೊಡುವುದೂ ಬಿಡುವುದೂ ನಿನ್ನದು.

ಓದಿಯಾದ ಮೇಲೆ ಅಜ್ಜನ ಕ್ಯಾಮೆರಾ ಚೀಲದ ಒಳಜೇಬಿನಲ್ಲಿ ಈ ಹಾಳೆಗಳನ್ನು ಇಡುತ್ತೇನೆ. ಸುಹಾಸ ದೊಡ್ಡವನಾದಾಗ ಅವನಿಗೂ ಬೇಕಾಗುತ್ತವೆ. ಆ ದಿನದ್ದೆಂದು ಉಳಿದಿರುವುದು ಇಷ್ಟೇ, ಮಕ್ಕಳೇ — ಜೋಪಾನವಾಗಿಟ್ಟುಕೊಳ್ಳಿ.